ಕಲ್ಲಾದ ಜೆನೆಕ್

ರಾದೋಮ್ ಊರಿನ ಡಯಾಲಿಸಿಸ್ ಕೇಂದ್ರದಲ್ಲಿ ಕಿಟಕಿ ಪಕ್ಕದ ಕುರ್ಚಿ ಲೆಯೊಕಾದಿಯಾಳದು. ಯಾರೂ ಹಾಗೆ ಬರೆದುಕೊಟ್ಟಿರಲಿಲ್ಲ. ಆದರೆ ಬೇರೆ ಯಾರಾದರೂ ಅಲ್ಲಿ ಕೂತರೆ ಅವಳು ಕೋಟು ಬಿಚ್ಚದೆ, ಕೈಚೀಲ ಕೆಳಗಿಡದೆ ಅವರೆದುರು ಸುಮ್ಮನೆ ನಿಂತುಬಿಡುತ್ತಿದ್ದಳು. ಕೂತವರು ತಾವಾಗಿಯೇ ಏಳುತ್ತಿದ್ದರು. ವಾರಕ್ಕೆ ಮೂರು ಮಧ್ಯಾಹ್ನ ಅವಳ ಎಡಗೈಗೆ ಸೂಜಿ ಚುಚ್ಚಿ ಯಂತ್ರಕ್ಕೆ ಜೋಡಿಸುತ್ತಿದ್ದರು. ಯಂತ್ರ ರಕ್ತ ತೊಳೆದು ಮುಗಿಸುವ ತನಕ ಆ ಕೈ ಅಲ್ಲಾಡಿಸುವಂತಿಲ್ಲ. ಬಲಗೈಯಲ್ಲಿ ಫೋನು, ಫೋನಿನಲ್ಲಿ ಗೇಮು.

ಎಪ್ಪತ್ತು ದಾಟಿದ ಹೆಂಗಸು ಗೇಮ್ ಆಡುವುದೇ ಎಂದು ನಗುವವರು ನಗಲಿ. ಹೆಣಿಗೆ ಹಾಕಲು ಎರಡು ಕೈ ಬೇಕು. ಟೀವಿ ನೋಡಿದರೆ ಸಿಟ್ಟು ಬರುತ್ತದೆ. ಪಕ್ಕದ ಕುರ್ಚಿಯ ಹಿಲಾರಿ ಎಂಬ ಮುದುಕನ ಜೊತೆ ಮಾತಿಗಿಳಿದರೆ ರಕ್ತದೊತ್ತಡ ಏರುತ್ತದೆ. ಇನ್ನೇನು ಮಾಡಬೇಕಿತ್ತು ಅವಳು? ಮಗ ವಿತೋಲ್ದ್ ಹಳೆಯ ಕಾಲದ ಗೇಮೊಂದನ್ನು ಫೋನಿಗೆ ಹಾಕಿ, ಒತ್ತುವ ಗುಂಡಿಗಳನ್ನೆಲ್ಲ ಪರದೆಯ ಬಲಗಡೆಗೇ ಎಳೆದಿಟ್ಟು, ಒಂದೇ ಹೆಬ್ಬೆರಳಿನಲ್ಲಿ ಆಡುವ ಹಾಗೆ ಮಾಡಿಕೊಟ್ಟಿದ್ದ.

ವಿತೋಲ್ದ್ ಲಿಫ್ಟ್ ರಿಪೇರಿಯವನು. ನಲವತ್ತೈದರ ಆಸುಪಾಸು, ಹೆಂಡತಿ ಬಿಟ್ಟುಹೋದವಳು, ಅಮ್ಮನ ಮನೆಗೂ ಅವನ ಮನೆಗೂ ನಡುವೆ ಒಂದು ಆಟದ ಮೈದಾನ ಅಷ್ಟೆ. ಕೆಲಸ ಮುಗಿದ ಮೇಲೆ ಅವನಿಗೆ ಇನ್ನೊಂದು ಬದುಕಿತ್ತು. ಹಳೆಯ ಜಪಾನಿ ಗೇಮುಗಳನ್ನು ಪೋಲಿಷ್ ಭಾಷೆಗೆ ತರುವವರ ಒಂದು ಸಣ್ಣ ಗುಂಪಿದೆ. ಅದರಲ್ಲಿ ಅವನು ಆಡಿದ್ದೇ ತೀರ್ಪು. ಆ ಗುಂಪಿನವರೆಲ್ಲ ಹುಡುಗರಾಗಿದ್ದಾಗ ಸಂತೆಯಲ್ಲಿ ಸಿಕ್ಕ ಕ್ಯಾಸೆಟ್ಟುಗಳನ್ನು ಟೀವಿಗೆ ಸಿಕ್ಕಿಸಿ, ಒಂದಕ್ಷರ ಅರ್ಥವಾಗದೆ ಆಡಿ ಬೆಳೆದವರು. ಯಾವ ಮುದುಕ ಏನು ಹೇಳುತ್ತಿದ್ದಾನೆ, ಯಾವ ಬೀಗದ ಕೈ ಎಲ್ಲಿದೆ ಎಂದು ತಿಳಿಯದೆ ಅರ್ಧಕ್ಕೇ ನಿಂತುಹೋದ ಕತೆಗಳು ಅವರನ್ನು ಇವತ್ತಿಗೂ ಬಿಟ್ಟಿಲ್ಲ.

ಈ ಕೆಲಸಕ್ಕೆ ಅದರದೇ ಆದ ಮಡಿ ಇದೆ. ಗೇಮನ್ನು ಯಾರೂ ಯಾರಿಗೂ ಕೊಡುವಂತಿಲ್ಲ; ಕೊಡುವುದು ಪ್ಯಾಚ್ ಮಾತ್ರ. ಎಲ್ಲೆಲ್ಲಿ ಏನೇನು ಬದಲಾಗಿದೆ ಅನ್ನುವುದಷ್ಟೇ ಆ ಪುಟ್ಟ ಫೈಲಿನಲ್ಲಿರುತ್ತದೆ. ಅಂಗಿ ನಿಮ್ಮದು, ತೇಪೆ ನಮ್ಮದು. ಅಂಗಿ ಸರಿಯಾದ ಅಳತೆಯದಾಗಿರಬೇಕು, ಅಷ್ಟೆ. ಹಿಂದೆಂದೋ ಕ್ಯಾಸೆಟ್ಟಿನಿಂದ ಗೇಮನ್ನು ನಕಲು ಮಾಡಿದ ಯಂತ್ರ ಫೈಲಿನ ತಲೆಗೆ ತನ್ನದೊಂದಿಷ್ಟು ಕಸ ಅಂಟಿಸಿದ್ದರೂ ಸಾಕು, ತೇಪೆಯೆಲ್ಲ ಪಕ್ಕಕ್ಕೆ ಬಿದ್ದು, ರಾಜಕುಮಾರಿ ಬಾಯಿ ತೆರೆದರೆ ಬರೀ ಚುಕ್ಕೆ ಗೀಟುಗಳು ಉದುರುತ್ತವೆ. ಇನ್ನೊಂದು ನಿಯಮ ಇದಕ್ಕಿಂತ ದೊಡ್ಡದು: ಮೂಲದಲ್ಲಿ ಇದ್ದದ್ದನ್ನು ಮುಟ್ಟಬಾರದು. ಲುಬ್ಲಿನ್ ಕಡೆಯ ಹುಡುಗನೊಬ್ಬ ಯಾವುದೋ ಗೇಮಿನಲ್ಲಿ ಸಾಯುವ ನಾಯಿಯನ್ನು ಬದುಕಿಸಿ ಅನುವಾದ ಮಾಡಿದ್ದಕ್ಕೆ ವಿತೋಲ್ದ್ ಎಲ್ಲರೆದುರು ಅವನ ನೀರಿಳಿಸಿದ್ದ. ‘ಕತೆ ನಿನ್ನಪ್ಪನ ಮನೆ ಆಸ್ತಿಯಲ್ಲ’ ಎಂದು ಬರೆದಿದ್ದ. ಆ ಹುಡುಗ ಮತ್ತೆ ಗುಂಪಿನ ಕಡೆ ತಲೆ ಹಾಕಲಿಲ್ಲ.

ಅಮ್ಮ ಆಡುತ್ತಿದ್ದದ್ದು ‘ಏಳು ಬಾಗಿಲುಗಳ ನಾಡು’ ಎಂಬ ಗೇಮು. ಅದರ ಅನುವಾದ ವಿತೋಲ್ದನದೇ, ವರ್ಷಗಟ್ಟಲೆ ಕೂತು ಮಾಡಿದ್ದು. ಕೊನೆಯ ಭಾಗ ಇನ್ನೂ ಪ್ಯಾಚಿಗೆ ಸೇರಿರಲಿಲ್ಲ. ಶುರುವಿನಲ್ಲಿ ಮೂವರು ಪಯಣಿಗರಿಗೆ ಆಡುವವರೇ ಹೆಸರಿಡಬೇಕು. ಅಮ್ಮ ಮೊದಲನೆಯವಳಿಗೆ ತನ್ನ ಮುದ್ದಿನ ಹೆಸರನ್ನೇ ಇಟ್ಟಳು, ಲೋನ್ಯಾ. ಎರಡನೆಯವಳಿಗೆ ತೀರಿಹೋದ ತಂಗಿ ಲುಸ್ಯಾಳ ಹೆಸರು. ಗುರಾಣಿ ಹಿಡಿದ ದಪ್ಪ ಮೀಸೆಯವನಿಗೆ ಜೆನೆಕ್. ಜೆನೆಕ್ ಅಂದರೆ ವಿತೋಲ್ದನ ಅಪ್ಪ. ತೀರಿಕೊಂಡು ಆರು ವರ್ಷವಾಗಿತ್ತು.

“ಮೀಸೆ ಒಂದೇ ಹೊಂದೋದು,” ಎಂದಿದ್ದಳು ಅಮ್ಮ. “ನಿಮ್ಮಪ್ಪ ಇಷ್ಟು ಬೇಗ ಬೇಗ ಯಾವತ್ತೂ ನಡೆದವರಲ್ಲ.”

ನಾಲ್ಕನೆಯ ಬಾಗಿಲಿನವರೆಗೆ ಮೂವರೂ ಚೆನ್ನಾಗಿಯೇ ಹೋದರು. ಅಲ್ಲಿ ಬಾಗಿಲು ಮುಚ್ಚಿಕೊಳ್ಳತೊಡಗುತ್ತದೆ, ಗುರಾಣಿಯವನು ಹೆಗಲು ಕೊಟ್ಟು ನಿಲ್ಲುತ್ತಾನೆ, ಹೆಂಗಸರಿಬ್ಬರೂ ದಾಟಿಕೊಳ್ಳುತ್ತಾರೆ, ಶಾಪ ತಗುಲಿ ಅವನು ನಿಂತಲ್ಲೇ ಕಲ್ಲಾಗುತ್ತಾನೆ. ಆ ಹೊತ್ತಿಗೆ ವಿತೋಲ್ದ್ ಒಂದು ಸರ್ಕಾರಿ ಕಟ್ಟಡದಲ್ಲಿ ಲಿಫ್ಟಿನ ನೆತ್ತಿಯ ಮೇಲೆ ಕೂತು ಗ್ರೀಸ್ ಹಚ್ಚುತ್ತಿದ್ದ. ಅಮ್ಮನ ಫೋನ್ ಬಂತು.

“ವಿತೂಶ್, ನಿಮ್ಮಪ್ಪ ಕಲ್ಲಾಗ್ಬಿಟ್ರು ಕಣೋ.”

“ಗೇಮಲ್ಲಿ ತಾನೇ ಅಮ್ಮ?”

“ಮತ್ತೆಲ್ಲಿ ಆಗ್ತಾರೆ? ಕೊನೆಗೆ ಎದ್ದೇಳ್ತಾರೆ ತಾನೇ?”

“ನೀನೇ ಆಡಿ ನೋಡು. ಮೊದ್ಲೇ ಹೇಳ್ಬಿಟ್ರೆ ಏನು ಮಜಾ.”

“ಮಜಾನಂತೆ. ನಾನೇನು ಮಜಾಕ್ಕೆ ಕೇಳ್ತಿದೀನಾ,” ಎಂದು ಅವಳು ಫೋನ್ ಇಟ್ಟಳು.

ಅವನಿಗೆ ಉತ್ತರ ಗೊತ್ತಿತ್ತು. ಗುರಾಣಿಯವನು ಏಳುವುದಿಲ್ಲ. ಮೂಲದಲ್ಲಿ ಅವನ ಕಲ್ಲನ್ನು ಊರಿನವರು ಹೊತ್ತು ತಂದು ಚೌಕದ ನಡುವೆ ನಿಲ್ಲಿಸುತ್ತಾರೆ, ಹೂ ಇಡುತ್ತಾರೆ, ಮುಂದೆ ಹೋಗುತ್ತಾರೆ. ಆ ಭಾಗವನ್ನು ಮೊದಲ ಸಲ ಓದಿದಾಗ ವಿತೋಲ್ದ್ ಗುಂಪಿನಲ್ಲಿ ದೊಡ್ಡದಾಗಿ ಹೊಗಳಿ ಬರೆದಿದ್ದ. ಸತ್ತವನನ್ನು ಸತ್ತಂತೆಯೇ ಬಿಡುವ ಧೈರ್ಯ ಈ ಗೇಮ್ ಮಾಡಿದವರಿಗಿತ್ತು, ಇವತ್ತಿನವರಿಗಿಲ್ಲ ಎಂದಿದ್ದ. ಈಗ ಆ ಧೈರ್ಯದ ಮೇಲೆ ಅವನಿಗೆ ಎಲ್ಲಿಲ್ಲದ ಕೋಪ ಬಂತು. ಕೊನೆಯ ಭಾಗದ ಅನುವಾದ ಮುಗಿದು ಅವನ ಕಂಪ್ಯೂಟರಿನಲ್ಲೇ ಕೂತಿತ್ತು. ಅಮ್ಮ ಕೇಳಿದಾಗಲೆಲ್ಲ ‘ಇನ್ನೂ ಸ್ವಲ್ಪ ತಿದ್ದೋದಿದೆ’ ಅನ್ನುತ್ತಿದ್ದ. ಇತ್ತ ಡಾಕ್ಟರು ಅವನನ್ನು ಕಾರಿಡಾರಿಗೆ ಕರೆದು, ಅಮ್ಮನ ಹೃದಯ ಸೋತಿದೆ, ಬೇಸಿಗೆಯ ಲೆಕ್ಕ ಈಗಲೇ ಹಾಕಬೇಡಿ ಎಂದಿದ್ದರು.

ಅಮ್ಮನಿಗೆ ಅದನ್ನು ಯಾರೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅವಳು ಗೇಮಿನ ವೇಗ ಹೆಚ್ಚಿಸಿದಳು. ಮೊದಲು ಅಂಗಡಿ ಅಂಗಡಿ ಹೊಕ್ಕು ಟೋಪಿ ನೋಡುತ್ತಿದ್ದವಳು ಈಗ ನೇರ ದಾರಿ ಹಿಡಿದಳು. ಒಂದೇ ಒಂದು ಅಭ್ಯಾಸ ಮಾತ್ರ ಬಿಡಲಿಲ್ಲ. ಆ ನಾಡಿನಲ್ಲಿ ಅಲ್ಲಲ್ಲಿ ದಾರಿ ಬದಿಗೆ ಕಲ್ಲಿನ ಪುಟ್ಟ ಗುಡಿಗಳಿವೆ. ಲೋನ್ಯಾ ಅದರೆದುರು ಮಂಡಿಯೂರಿದರೆ ಅಲ್ಲಿಯವರೆಗೆ ಆಡಿದ್ದು ಉಳಿಯುತ್ತದೆ. ಫೋನಿನಲ್ಲಿ ಹಾಗೆಲ್ಲ ಮಾಡಬೇಕಿಲ್ಲ, ಎಲ್ಲಿ ಬೇಕಾದರೂ ಒಂದು ಗುಂಡಿ ಒತ್ತಿ ಉಳಿಸಿಕೊಳ್ಳಬಹುದು ಎಂದು ವಿತೋಲ್ದ್ ಎಷ್ಟೋ ಸಲ ತೋರಿಸಿಕೊಟ್ಟ. ಅವಳು ಒಪ್ಪಲಿಲ್ಲ. ಹಳ್ಳಿಯಲ್ಲಿದ್ದಾಗ ಕವಲುದಾರಿಯ ಮೇರಿಮಾತೆಯ ಗುಡಿಗೆ ಸುಣ್ಣ ಬಳಿಯುವುದು, ಹೂ ಬದಲಿಸುವುದು ಅವಳ ಪಾಲಿನ ಕೆಲಸವಾಗಿತ್ತು. ಮೇ ತಿಂಗಳ ಸಂಜೆಗಳಲ್ಲಿ ಹೆಂಗಸರೆಲ್ಲ ಸೇರಿ ಅಲ್ಲೇ ಹಾಡುತ್ತಿದ್ದರು. ಈಗ ಗೇಮಿನ ಗುಡಿ ಬಂದಾಗಲೂ ಅವಳ ತಲೆ ತಾನಾಗಿ ಬಾಗುತ್ತಿತ್ತು.

“ದೇವರು ನಿಮಗೆ ಫೋನಲ್ಲೂ ಸಿಗ್ತಾನಾ ಲೆಯೊಕಾದಿಯಾ?” ಎಂದು ಹಿಲಾರಿ ಕೆಣಕುತ್ತಿದ್ದ. “ನನ್ನ ಫೋನಲ್ಲಿ ಬರೀ ಸಾಲ ಬೇಕಾ ಅನ್ನೋರೇ ಸಿಗ್ತಾರೆ.”

“ನಿಮ್ಮ ಮುಖಕ್ಕೆ ಯಾರು ಸಿಗ್ಬೇಕೋ ಅವರೇ ಸಿಗೋದು.”

“ಆ ಮೀಸೆಯವರ ಕತೆ ಏನಾಯ್ತು? ಎದ್ರಾ?”

“ಏಳ್ತಾರೆ. ಮಗ ಇನ್ನೂ ಬರೀತಿದಾನೆ.”

ಮಗ ಬರೆಯುತ್ತಿದ್ದಾನೆ. ಆ ಮಾತು ಅಮ್ಮನನ್ನು ಕರೆದೊಯ್ಯಲು ಬಂದಿದ್ದ ವಿತೋಲ್ದನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ಅಮ್ಮನ ಲೆಕ್ಕದಲ್ಲಿ ಕತೆ ಬರೆಯುವವನು ಅವನೇ. ಜಪಾನ್, ಮೂಲ, ನಿಯಮ, ಗುಂಪು, ಇವೆಲ್ಲ ಅವಳಿಗೆ ಗೊತ್ತಿಲ್ಲ. ಅಪ್ಪನನ್ನು ಎಬ್ಬಿಸಬಲ್ಲವನು ಮಗ, ಅವನು ಯಾಕೋ ತಡ ಮಾಡುತ್ತಿದ್ದಾನೆ ಎಂದಷ್ಟೇ ಗೊತ್ತು.

ಒಂದು ಭಾನುವಾರ ಮಧ್ಯಾಹ್ನ ಅಮ್ಮನ ಮನೆಯಲ್ಲಿ ಕೋಳಿ ಸಾರು ಕುಡಿದು, ಅವಳು ಮಲಗಿದ ಮೇಲೆ ವಿತೋಲ್ದ್ ತನ್ನ ಮನೆಗೆ ಬಂದು ಕೊನೆಯ ಭಾಗದ ಫೈಲು ತೆರೆದ. ಊರಿನವರ ಮಾತುಗಳನ್ನು ಒಂದೊಂದಾಗಿ ಅಳಿಸಿ ಬೇರೆ ಬರೆದ. ಶಾಪ ಕಳೆಯಿತು. ಜೆನೆಕ್ ಕಣ್ಣು ಬಿಟ್ಟ. ಲೋನ್ಯಾ ಎಲ್ಲಿ ಎಂದು ಕೇಳಿದ. ಇಬ್ಬರೂ ಮನೆಗೆ ಹೋದರು. ಎಷ್ಟೋ ವರ್ಷ ಒಂದೊಂದು ಸಾಲಿಗೆ ತಿಣುಕಿದ್ದ ಕೈ ಆ ಮಧ್ಯಾಹ್ನ ನಿಲ್ಲದೆ ಓಡಿತು. ಲುಬ್ಲಿನ್ ಹುಡುಗನ ನೆನಪಾಗಿ ನಾಚಿಕೆಯೂ ಆಯಿತು, ಆದರೂ ಅವನು ನಿಲ್ಲಿಸಲಿಲ್ಲ.

ಆದರೆ ಮಾತು ಬದಲಾದರೆ ಚಿತ್ರ ಬದಲಾಗುತ್ತದೆಯೇ? ಜೆನೆಕ್ ಮನೆಗೆ ಹೋದ ಎಂದು ಊರೆಲ್ಲ ಹೇಳುತ್ತಿರುವಾಗ ಅವನ ಕಲ್ಲು ಚೌಕದ ನಡುವೆ ನಿಂತೇ ಇತ್ತು. ಹಳೆಯ ಗೇಮುಗಳಲ್ಲಿ ಚಿತ್ರವೆಂದರೆ ಸಣ್ಣ ಸಣ್ಣ ಚೌಕಗಳನ್ನು ನೆಲಕ್ಕೆ ಹಂಚು ಹಾಸಿದ ಹಾಗೆ ಜೋಡಿಸಿದ್ದು. ವಿತೋಲ್ದ್ ಹುಡುಕಿ ಹುಡುಕಿ ಆ ಕಲ್ಲಿನ ಹಂಚುಗಳನ್ನು ಪತ್ತೆ ಮಾಡಿದ, ಅವುಗಳ ಮೇಲೆ ಹುಲ್ಲಿನ ಹಂಚು ಬರೆದ. ಕೊನೆಯ ಊರಿಗೆ ನೇರ ಹೋಗಲು ತಾನು ಮೊದಲೇ ಉಳಿಸಿಕೊಂಡಿದ್ದ ಆಟದಲ್ಲಿ ಓಡಿಸಿ ನೋಡಿದ. ಚೌಕ ಖಾಲಿ. ನಡುವೆ ಹಸಿರು ಹುಲ್ಲು. ಹೂ ಮಾರುವವಳು ‘ಅವರಿಬ್ಬರೂ ಈಗಷ್ಟೇ ಹೋದರು’ ಅಂದಳು. ವಿತೋಲ್ದ್ ಕಂಪ್ಯೂಟರಿನ ಎದುರು ಕೂತು ಮಗುವಿನ ಹಾಗೆ ಅತ್ತ.

ಸಂಜೆ ಕಾಫಿಗೆ ಅಮ್ಮನ ಮನೆಗೆ ಹೋದಾಗ ಅವಳ ಫೋನಿನಲ್ಲಿ ಹಳೆಯ ಫೈಲು ತೆಗೆದು ಹೊಸದನ್ನು ಇಟ್ಟ. ಹೆಸರು ಒಂದಕ್ಷರವೂ ಬದಲಾಗದಂತೆ ನೋಡಿಕೊಂಡ. ಹೆಸರು ಅದೇ ಇದ್ದರೆ ತಾನೇ ಅವಳು ಉಳಿಸಿಕೊಂಡ ಆಟ ಅದಕ್ಕೆ ಅಂಟಿಕೊಳ್ಳುವುದು.

“ಕೊನೇ ಭಾಗ ಹಾಕಿದೀನಿ ಅಮ್ಮ.”

“ಬರೆದು ಮುಗಿಸ್ದೆ ಹಾಗಾದ್ರೆ,” ಎಂದು ಅವಳು ಅವನ ಕೆನ್ನೆ ಸವರಿದಳು.

ಮಂಗಳವಾರ ಅವನು ಕೆಲಸ ಮುಗಿಸಿ ಕೇಂದ್ರಕ್ಕೆ ಹೋದಾಗ ಅಮ್ಮ ಆಡುತ್ತಿರಲಿಲ್ಲ. ಫೋನು ಮಡಿಲಲ್ಲಿ ಮಗುಚಿ ಬಿದ್ದಿತ್ತು. ಮುಖ ಸುಣ್ಣ ಬಳಿದಂತಿತ್ತು.

“ಗುಡಿಗಳೆಲ್ಲ ಎಲ್ಲೋದ್ವು ವಿತೂಶ್?”

“ಯಾವ ಗುಡಿ?”

“ಯಾವ ಗುಡಿ ಅಂತೆ. ದಾರೀಲಿ ಒಂದೂ ಇಲ್ಲ. ಹಿಂದಿನ ಊರಿಗೆ ವಾಪಸ್ ಹೋದೆ, ಅಲ್ಲೂ ಇಲ್ಲ. ಅದರ ಹಿಂದಿನ ಊರಿಗೂ ಹೋದೆ. ಎಲ್ಲಾ ಕಡೆ ಬರೀ ಹುಲ್ಲು.”

“ಸಿಸ್ಟರ್ ಬಂದು ಬೈದ್ರು,” ಎಂದ ಹಿಲಾರಿ ತಗ್ಗಿದ ದನಿಯಲ್ಲಿ. “ಬಿ.ಪಿ. ಏರಿಸ್ಕೊಂಡ್ರು ಇವರು.”

ಅಮ್ಮ ಕಿಟಕಿಯ ಆಚೆ ನೋಡುತ್ತಿದ್ದಳು. “ನಾನು ಚಿಕ್ಕವಳಿದ್ದಾಗ ರಸ್ತೆ ಅಗಲ ಮಾಡ್ತೀವಿ ಅಂತ ನಮ್ಮೂರ ಗುಡಿ ಕಿತ್ತಾಕಿದ್ರು. ಬೆಳಿಗ್ಗೆ ಹೂ ತಗೊಂಡು ಹೋದ್ರೆ ಬರೀ ಮಣ್ಣು. ಹೂ ಎಲ್ಲಿಡ್ಬೇಕು ಅಂತಾನೇ ಗೊತ್ತಾಗ್ಲಿಲ್ಲ. ಮೂರು ದಾರಿ ಸೇರೋ ಕಡೆ ಸುಮ್ನೆ ನಿಂತಿದ್ದೆ.”

ವಿತೋಲ್ದನಿಗೆ ಆಗಲೇ ಎಲ್ಲ ಹೊಳೆದುಬಿಟ್ಟಿತ್ತು. ಆ ಕಾಲದ ಗೇಮುಗಳಲ್ಲಿ ಜಾಗ ಅಂಗೈಯಗಲ. ಮಾಡಿದವರು ಒಂದೇ ಹಂಚನ್ನು ಹತ್ತು ಕಡೆ ಹಾಸುತ್ತಿದ್ದರು. ಜೆನೆಕ್‌ನ ಕಲ್ಲು, ದಾರಿಬದಿಯ ಗುಡಿ, ಎರಡೂ ಅವೇ ಹಂಚುಗಳು, ಬಣ್ಣವಷ್ಟೇ ಬೇರೆ. ಒಂದರ ಮೇಲೆ ಹುಲ್ಲು ಬೆಳೆಸಿದರೆ ಎಲ್ಲದರ ಮೇಲೂ ಬೆಳೆಯುತ್ತದೆ. ಇದು ಈ ಕೆಲಸದ ಮೊದಲ ಪಾಠ. ಹೊಸಬರಿಗೆ ಅವನೇ ಹೇಳಿಕೊಡುತ್ತಿದ್ದದ್ದು. ಕೊನೆಯ ಮಹಡಿ ಒಂದನ್ನೇ ನೋಡಿ ಲಿಫ್ಟ್ ಸರಿಯಿದೆ ಎಂದು ಸಹಿ ಹಾಕುವವನನ್ನು ಅವನು ಕೆಲಸದಲ್ಲಿ ಉಳಿಸಿಕೊಳ್ಳುತ್ತಿರಲಿಲ್ಲ. ಭಾನುವಾರ ತಾನು ಮಾಡಿದ್ದು ಅದನ್ನೇ.

“ನನ್ನಿಂದ ತಪ್ಪಾಯ್ತು ಅಮ್ಮ. ಗುಡಿಗಳ ಕಲ್ಲನ್ನ ನಾನೇ ಅಳಿಸ್ಬಿಟ್ಟೆ.”

“ಗುಡಿ ನಿನಗೇನು ಮಾಡಿತ್ತು?”

“ಗುಡಿ ಅಳಿಸೋಕೆ ಹೋಗ್ಲಿಲ್ಲ. ಬೇರೆ ಒಂದು ಕಲ್ಲು ತೆಗೀಬೇಕಿತ್ತು. ಎರಡೂ ಒಂದೇ ಕಲ್ಲು ಅಂತ ನೋಡ್ಲಿಲ್ಲ.”

“ಯಾವ ಕಲ್ಲು?”

ಯಂತ್ರದ ಚಕ್ರ ತಿರುಗುತ್ತಿತ್ತು, ಕೊಳವೆಯಲ್ಲಿ ಅಮ್ಮನ ರಕ್ತ ಹೋಗುತ್ತ ಬರುತ್ತ ಇತ್ತು. ಅವಳು ಮಗನ ಮುಖವನ್ನೇ ನೋಡಿದಳು. ಆ ಮುಖ ಅವಳಿಂದ ಎಂದೂ ಏನನ್ನೂ ಮುಚ್ಚಿಡಲಾರದ ಮುಖ.

“ಎದ್ದೇಳಲ್ಲ ಅಲ್ವಾ ಅವರು,” ಎಂದಳು.

“ಇಲ್ಲ ಅಮ್ಮ.”

“ನೀನು ಬರ್ದಿದ್ದು?”

“ಎದ್ದು ಮನೆಗೆ ಹೋದ್ರು ಅಂತ ಬರ್ದಿದ್ದೆ. ಕಲ್ಲು ಅಲ್ಲೇ ನಿಂತಿರುತ್ತಲ್ಲ, ಅದಕ್ಕೇ ತೆಗೆದೆ.” ಅವನು ಅವಳ ಮಡಿಲಿನಿಂದ ಫೋನು ಎತ್ತಿಕೊಂಡ. “ಬೇಕಾದ್ರೆ ಎರಡನ್ನೂ ಬೇರೆ ಬೇರೆ ಮಾಡ್ತೀನಿ. ಗುಡಿ ಇರುತ್ತೆ, ಅಪ್ಪನ ಕಲ್ಲು ಇರಲ್ಲ. ಒಳಗೆ ಜಾಗ ಹುಡುಕ್ಬೇಕು, ಹೊಸದಾಗಿ ಬರೀಬೇಕು. ಒಂದು ತಿಂಗಳು ಕೊಡು.”

“ತಿಂಗಳು ಯಾರ ಹತ್ರ ಇದೆ,” ಎಂದಳು ಅಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. ಆ ಮಾತಿಗೆ ಹಿಲಾರಿ ಟೀವಿಯ ಕಡೆ ಮುಖ ತಿರುಗಿಸಿಕೊಂಡ. ಅವಳೇ ಮುಂದುವರಿಸಿದಳು. “ಗುಡಿಗಳನ್ನ ವಾಪಸ್ ಇಡು. ಅವರೂ ಹೇಗಿದ್ರೋ ಹಾಗೇ ಇರ್ಲಿ. ಮಾತೂ ಮೊದ್ಲು ಏನಿತ್ತೋ ಅದನ್ನೇ ಇಡು. ನಿಮ್ಮಪ್ಪ ಎದ್ದು ಬಂದಿದ್ರೆ ಮೊದ್ಲು ನಿನ್ನ ಕಿವಿ ಹಿಂಡ್ತಿದ್ರು.”

ಅವನು ನಗಲು ನೋಡಿದ, ಆಗಲಿಲ್ಲ. ಮೂಲಕ್ಕೆ ಸರಿಯಾದ ಕೊನೆಯ ಭಾಗ ಅವನ ಬಳಿ ಸಿದ್ಧವಾಗಿಯೇ ಇತ್ತಲ್ಲ. ಮನೆಗೆ ಹೋದವನೇ ಅದನ್ನು ಸೇರಿಸಿ, ಹುಲ್ಲಿನ ಹಂಚು ಕಿತ್ತು, ಫೈಲನ್ನು ಅಮ್ಮನ ಫೋನಿಗೆ ಹಾಕಿದ. ಗುಡಿಗಳು ಮರಳಿ ಬಂದವು.

ಆಮೇಲೆ ಅವಳು ಗೇಮು ಬಿಟ್ಟುಬಿಡುತ್ತಾಳೆ ಎಂದುಕೊಂಡಿದ್ದ. ಬಿಡಲಿಲ್ಲ. ಐದನೆಯ ಬಾಗಿಲು ದಾಟಿದಳು, ಆರನೆಯದನ್ನೂ. ಆದರೆ ಅವಳ ಕೈ ಸೋಲುತ್ತಿತ್ತು. ಹೆಬ್ಬೆರಳು ಗುಂಡಿ ಬಿಟ್ಟು ಪಕ್ಕಕ್ಕೆ ಬೀಳುತ್ತಿತ್ತು. ಲೋನ್ಯಾ ಗೋಡೆಗೆ ಢಿಕ್ಕಿ ಹೊಡೆಯುತ್ತ ನಿಲ್ಲುತ್ತಿದ್ದಳು. ವಿತೋಲ್ದ್ ಗುಂಡಿಗಳನ್ನು ಇನ್ನಷ್ಟು ದೊಡ್ಡದು ಮಾಡಿದ. ಕಾಳಗಗಳನ್ನು ತಾನು ಆಡಿಕೊಡಲೇ ಎಂದು ಕೇಳಿದ. ಬೇಡ ಎಂದಳು. ಹಿಲಾರಿ ಈಗ ಕೆಣಕುತ್ತಿರಲಿಲ್ಲ, ಸೂಜಿ ಚುಚ್ಚುವ ಮೊದಲೇ ತನ್ನ ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿಕೊಡಿ ಎಂದು ಸಿಸ್ಟರನ್ನು ಕಾಡುತ್ತಿದ್ದ. ಟೀವಿಯಲ್ಲಿ ಏನೂ ಇಲ್ಲ, ಅದಕ್ಕೆ ಎಂದು ತಾನೇ ವಿವರಣೆಯನ್ನೂ ಕೊಡುತ್ತಿದ್ದ.

ಹಿಮ ಕರಗಿ ಅಂಗಳವೆಲ್ಲ ರಾಡಿಯಾದ ಒಂದು ಮಧ್ಯಾಹ್ನ ಅವಳು ಕೊನೆಯ ಊರಿಗೆ ಬಂದಳು. ವಿತೋಲ್ದ್ ಆ ದಿನ ರಜೆ ಹಾಕಿ ಪಕ್ಕದಲ್ಲೇ ಸ್ಟೂಲ್ ಎಳೆದುಕೊಂಡು ಕೂತಿದ್ದ. ಊರಿನವರು ಒಬ್ಬೊಬ್ಬರಾಗಿ ಮಾತಾಡಿದರು. ಅಮ್ಮ ಪ್ರತಿಯೊಂದು ಸಾಲನ್ನೂ ತುಟಿ ಅಲ್ಲಾಡಿಸುತ್ತ ಓದಿದಳು. ಬಾಗಿಲುಗಳೆಲ್ಲ ತೆರೆದವು, ನಾಡು ಉಳಿಯಿತು, ಗಂಟೆಗಳು ಮೊಳಗಿದವು. ಹೂ ಮಾರುವವಳು ‘ಅವರು ನಮಗಾಗಿ ನಿಂತರು, ಈಗ ಇಲ್ಲೇ ನಿಂತಿದ್ದಾರೆ’ ಅಂದಳು. ಕತೆ ಅಲ್ಲಿಗೆ ಮುಗಿಯಿತು. ಆದರೆ ಆ ಗೇಮು ಮುಗಿದ ಕೂಡಲೇ ಮುಚ್ಚಿಕೊಳ್ಳುವುದಿಲ್ಲ. ಆಡುವವರು ಎಷ್ಟು ಹೊತ್ತು ಬೇಕಾದರೂ ಆ ಊರಿನಲ್ಲಿ ಓಡಾಡಬಹುದು.

ಅಮ್ಮ ಲೋನ್ಯಾಳನ್ನು ಚೌಕದ ನಡುವಿಗೆ ನಡೆಸಿಕೊಂಡು ಹೋಗಿ ಕಲ್ಲಿನ ಎದುರು ನಿಲ್ಲಿಸಿದಳು. ಗುಂಡಿ ಒತ್ತಿದಳು. ಪರದೆಯ ಕೆಳಗೆ ಎರಡು ಪದ ಮೂಡಿದವು.

‘ಕಲ್ಲು ತಣ್ಣಗಿದೆ.’

ಮತ್ತೆ ಒತ್ತಿದಳು. ಅದೇ ಬಂತು. ಇನ್ನೊಮ್ಮೆ ಒತ್ತಿದಳು.

ಆ ಸಾಲನ್ನು ಯಾವಾಗ ಬರೆದೆ ಎಂದು ವಿತೋಲ್ದನಿಗೆ ನೆನಪೇ ಬರಲಿಲ್ಲ. ಒಲೆಯ ಮೇಲೆ ಸಾರು ಕಾಯಿಸಲಿಟ್ಟು, ಅದು ಕುದಿಯುವುದರೊಳಗೆ ಆದಷ್ಟು ಮುಗಿಸೋಣ ಎಂದು ಸಣ್ಣಪುಟ್ಟ ಸಾಲುಗಳನ್ನೆಲ್ಲ ಬಡಬಡನೆ ಕುಟ್ಟಿದ ಯಾವುದೋ ಸಂಜೆ ಇರಬೇಕು. ಅಷ್ಟು ದೊಡ್ಡ ದುಃಖಕ್ಕೆ ಇಷ್ಟು ಬೋಳು ಮಾತು ಬರೆದೆನಲ್ಲ ಎಂದು ಅವನಿಗೆ ತಲೆ ಎತ್ತಲಾಗಲಿಲ್ಲ.

“ಅಮ್ಮ, ಆ ಸಾಲು ಬದಲಾಯಿಸ್ತೀನಿ. ಅದು ಮೂಲದ ಕತೆಗೇನೂ ಸೇರಿದ್ದಲ್ಲ, ಸುಮ್ನೆ ಕಲ್ಲು ಮುಟ್ಟಿದ್ರೆ ಬರೋ ಮಾತು. ಬೇರೆ ಏನಾದ್ರೂ ಒಳ್ಳೇದು ಬರೀತೀನಿ. ಐದು ನಿಮಿಷದ ಕೆಲಸ.”

“ಯಾಕೆ?” ಎಂದಳು ಅವಳು. “ಸರಿಯಾಗೇ ಬರ್ದಿದೀಯಲ್ಲ. ನಿಮ್ಮಪ್ಪನೂ ತಣ್ಣಗೇ ಇದ್ರು. ಶವಪೆಟ್ಟಿಗೆ ಮುಚ್ಚೋ ಮುಂಚೆ ನಾನು ಹಣೆ ಮುಟ್ಟಿದ್ನಲ್ಲ.”

ಅವನು ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ.

“ಆವತ್ತು ನೀನು ಬಾಗಿಲಲ್ಲೇ ನಿಂತ್ಬಿಟ್ಟಿದ್ದೆ,” ಎಂದಳು ಅಮ್ಮ. “ಬಾ ಅಂದೆ, ಬರ್ಲಿಲ್ಲ. ಬಲವಂತ ಮಾಡೋದು ಬೇಡ ಅಂತ ನಾನೂ ಸುಮ್ನಾದೆ. ಮಾಡ್ಬೇಕಿತ್ತು.”

ಸೂಜಿ ಚುಚ್ಚದ ಕೈಯಿಂದ ಅವಳು ಫೋನನ್ನು ಅವನ ಕಡೆ ಚಾಚಿದಳು. ಪರದೆಯ ಮೇಲೆ ಲೋನ್ಯಾ ಕಲ್ಲಿನ ಎದುರು ನಿಂತೇ ಇದ್ದಳು.

“ತಗೋ. ನೀನೂ ಒಂದ್ಸಲ ಮುಟ್ಟು.”

ವಿತೋಲ್ದ್ ಫೋನ್ ತೆಗೆದುಕೊಂಡ. ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟುಕೊಂಡು ತುಂಬ ಹೊತ್ತು ಹಾಗೇ ಕೂತಿದ್ದ. ಅಮ್ಮ ಅವಸರ ಮಾಡಲಿಲ್ಲ. ಆಮೇಲೆ ಒತ್ತಿದ.